ಪ್ರಶಸ್ತಿ ಯಾರಿಗೆ ಎಂದು ಊಹಿಸುವ ಮುನ್ನ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಯುವಜನರಿಗಾಗಿ ಪುತ್ತೂರಿನಲ್ಲಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನನ್ನನ್ನು ಆಹ್ವಾನಿಸಲು ಬಂದ ಯುವಕರು ಒಂದು ಸಂಗತಿಯನ್ನು ಹೇಳಿದರು. 2025ರ ಮಾರ್ಚ್ ತಿಂಗಳಲ್ಲಿ ಅಮೇರಿಕದ ಆಸ್ಕರ್ ಪ್ರಶಸ್ತಿಗಳು ಘೋಷಣೆಯಾಗುವ ಮುನ್ನ, ಯಾವ ಪ್ರಶಸ್ತಿ ಯಾವ ಚಿತ್ರಕ್ಕೆ ಎಂದು ಅವರು ತಮ್ಮೊಳಗೆ ಊಹಿಸಿ ಬರೆದಿಟ್ಟಿದ್ದರಂತೆ. ಅದಕ್ಕೆ ಹಣ ಕಟ್ಟಿರಲಿಲ್ಲ ಎಂದು ಅವರೇ ಅವಸರದಿಂದ ಸೇರಿಸಿದರು. ಬಹುಶಃ ನನ್ನ ತಲೆಯ ಮೇಲಿದ್ದ ಟೊಪ್ಪಿ ಅವರಿಂದ ಆ ಮಾತನ್ನು ಹೇಳಿಸಿರಬೇಕು. ಹಣ ಕಟ್ಟಿದ್ದರೆ ಅದು ಜೂಜು. ಅದರ ವಿಧಿ ಎಲ್ಲರಿಗೂ ತಿಳಿದದ್ದೇ. ಕಟ್ಟದಿದ್ದರೆ ಅದೊಂದು ಲೆಕ್ಕಾಚಾರ ಮಾತ್ರ.

ಅವರಲ್ಲೊಬ್ಬ ಸಾಕ್ಷ್ಯಚಿತ್ರ ವಿಭಾಗದಲ್ಲಿ 'ನೋ ಅದರ್ ಲ್ಯಾಂಡ್' ಗೆಲ್ಲುತ್ತದೆ ಎಂದು ಬರೆದಿದ್ದ. ಅದು ನಿಜವಾಯಿತು. ಫೆಲೆಸ್ತೀನ್‌ನ ಪಶ್ಚಿಮ ದಂಡೆಯ ಮಸಾಫರ್ ಯತ್ತಾ ಎಂಬಲ್ಲಿ ಇಸ್ರೇಲ್ ಸೇನೆ ಮನೆಗಳನ್ನು ಕೆಡಹುವುದನ್ನು ದಾಖಲಿಸಿದ ಚಿತ್ರವದು. ಇಬ್ಬರು ಫೆಲೆಸ್ತೀನಿಯರು ಮತ್ತು ಇಬ್ಬರು ಇಸ್ರೇಲಿಗಳು ಸೇರಿ ನಿರ್ಮಿಸಿದ್ದರು. ಆದರೆ ಪ್ರಶಸ್ತಿ ಬಂದು ಮೂರು ವಾರ ಕಳೆಯುವಷ್ಟರಲ್ಲಿ ಅದರ ನಿರ್ದೇಶಕರಲ್ಲೊಬ್ಬರಾದ ಹಮ್ದಾನ್ ಬಲ್ಲಾಲ್‌ರ ಮೇಲೆ ಅವರ ಊರಲ್ಲೇ ಹಲ್ಲೆ ನಡೆಯಿತು. ಗಾಯಗೊಂಡ ಅವರನ್ನೇ ಸೇನೆ ಹಿಡಿದೊಯ್ದಿತು. ಗೆದ್ದವನ ಊಹೆಯ ಚೀಟಿ ಅವನ ಜೇಬಿನಲ್ಲಿಯೇ ಇತ್ತು. ಆಗ ಅವನು ಗೆಳೆಯರಲ್ಲಿ ಕೇಳಿದನಂತೆ: "ಹಾಗಾದರೆ ಈ ಪ್ರಶಸ್ತಿಯಿಂದ ಆದದ್ದೇನು?"

ಇಂದಿನ ನನ್ನ ಮಾತು ಆ ಯುವಕನ ಪ್ರಶ್ನೆಯ ಸುತ್ತ.

ಮೊದಲು ಈ ಊಹೆಯ ವಿಷಯ. ಆಸ್ಕರ್ ನೀಡುವ ಅಕಾಡೆಮಿಯಲ್ಲಿ ಮತದಾನದ ಹಕ್ಕುಳ್ಳ ಸುಮಾರು ಹತ್ತು ಸಾವಿರ ಸದಸ್ಯರಿದ್ದಾರೆ. ನಟರು, ನಿರ್ದೇಶಕರು, ಛಾಯಾಗ್ರಾಹಕರು, ಸಂಕಲನಕಾರರು ಎಲ್ಲರೂ ಅದರಲ್ಲಿದ್ದಾರೆ. ಇವರಲ್ಲಿ ಅನೇಕರು ತಮ್ಮ ತಮ್ಮ ವೃತ್ತಿ ಸಂಘಗಳಲ್ಲೂ ಸದಸ್ಯರು. ಆ ಸಂಘಗಳು ಆಸ್ಕರ್‌ಗಿಂತ ಮೊದಲೇ ತಮ್ಮ ಪ್ರಶಸ್ತಿಗಳನ್ನು ಪ್ರಕಟಿಸುತ್ತವೆ. 2025ರಲ್ಲಿ ನಿರ್ಮಾಪಕರ ಸಂಘವೂ ನಿರ್ದೇಶಕರ ಸಂಘವೂ 'ಅನೋರಾ' ಚಿತ್ರವನ್ನು ಆರಿಸಿದ್ದವು. ಆಸ್ಕರ್ ಕೂಡ ಅದಕ್ಕೇ ಹೋಯಿತು. ಆದ್ದರಿಂದ ಊಹೆ ಸರಿಯಾದವನು ಚಿತ್ರವನ್ನು ಅರಿತಿದ್ದಾನೆ ಎಂದರ್ಥವಲ್ಲ. ಮತ ಹಾಕುವವರ ಮನಸ್ಸನ್ನು ಅರಿತಿದ್ದಾನೆ ಎಂದಷ್ಟೇ ಅರ್ಥ. ನಮ್ಮೂರಿನ ಪಂಚಾಯತ್ ಚುನಾವಣೆಯ ಫಲಿತಾಂಶವನ್ನು ಮೊದಲೇ ಹೇಳುವ ಚಹಾದಂಗಡಿಯ ಹಿರಿಯರ ವಿದ್ಯೆಯೂ ಇದುವೇ.

ಪ್ರಶಸ್ತಿಯ ವೇದಿಕೆಯಲ್ಲಿ ರಾಜಕೀಯ ಬೇಕೇ ಎಂಬ ಚರ್ಚೆಯೂ ಹೊಸದಲ್ಲ. 1978ರಲ್ಲಿ 'ಜೂಲಿಯಾ' ಚಿತ್ರಕ್ಕಾಗಿ ಆಸ್ಕರ್ ಪಡೆದ ವನೆಸ್ಸಾ ರೆಡ್‌ಗ್ರೇವ್, ಫೆಲೆಸ್ತೀನಿಯರ ಪರವಾದ ಸಾಕ್ಷ್ಯಚಿತ್ರವೊಂದರಲ್ಲಿ ಪಾಲ್ಗೊಂಡಿದ್ದರು. ಅದಕ್ಕಾಗಿ ತನ್ನ ವಿರುದ್ಧ ಪ್ರತಿಭಟಿಸಿದವರನ್ನು ಅವರು ವೇದಿಕೆಯಲ್ಲೇ ಕಟುವಾಗಿ ಟೀಕಿಸಿದರು. ಅದೇ ರಾತ್ರಿ ಚಿತ್ರಕಥೆಗಾರ ಪ್ಯಾಡಿ ಚಯೆಫ್‌ಸ್ಕಿ ಅದೇ ವೇದಿಕೆಗೆ ಬಂದು, ಪ್ರಶಸ್ತಿಯ ಸಂದರ್ಭವನ್ನು ರಾಜಕೀಯ ಪ್ರಚಾರಕ್ಕೆ ಬಳಸಬಾರದೆಂದು ಆಕ್ಷೇಪಿಸಿದರು. 2017ರಲ್ಲಿ ಇರಾನಿನ ಅಸ್ಗರ್ ಫರ್ಹಾದಿ ಅಮೇರಿಕದ ಪ್ರವೇಶ ನಿಷೇಧವನ್ನು ವಿರೋಧಿಸಿ ಸಮಾರಂಭಕ್ಕೇ ಹೋಗಲಿಲ್ಲ. ಅವರ 'ದಿ ಸೇಲ್ಸ್‌ಮನ್' ಚಿತ್ರಕ್ಕೆ ಪ್ರಶಸ್ತಿ ಬಂತು. ಬಲ್ಲಾಲ್‌ರ ಪ್ರಕರಣದಲ್ಲಿ ಅಕಾಡೆಮಿ ಮೊದಲು ಹೊರಡಿಸಿದ ಹೇಳಿಕೆಯಲ್ಲಿ ಅವರ ಹೆಸರೇ ಇರಲಿಲ್ಲ. ನೂರಾರು ಸದಸ್ಯರು ಸಹಿ ಹಾಕಿ ಪ್ರತಿಭಟಿಸಿದ ಬಳಿಕ ಅದು ಕ್ಷಮೆ ಯಾಚಿಸಿತು. ಅಂದರೆ, ರಾಜಕೀಯ ಬೇಡ ಎನ್ನುವ ಮೌನವೂ ಒಂದು ರಾಜಕೀಯವೇ.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ರಾಷ್ಟ್ರ ಪ್ರಶಸ್ತಿಯನ್ನು ಕೊಡುವುದು ಕೇಂದ್ರ ಸರಕಾರ. ಆರಿಸುವುದು ಹತ್ತು ಸಾವಿರ ಮಂದಿಯಲ್ಲ, ಸರಕಾರ ನೇಮಿಸಿದ ಬೆರಳೆಣಿಕೆಯ ತೀರ್ಪುಗಾರರು. 2023ರಲ್ಲಿ 'ದಿ ಕಾಶ್ಮೀರ್ ಫೈಲ್ಸ್' ಚಿತ್ರಕ್ಕೆ ರಾಷ್ಟ್ರೀಯ ಏಕತೆಯ ಪ್ರಶಸ್ತಿ ಬಂತು. ಅದಕ್ಕಿಂತ ಮೊದಲು, 2022ರ ಗೋವಾ ಚಿತ್ರೋತ್ಸವದಲ್ಲಿ ತೀರ್ಪುಗಾರರ ಮುಖ್ಯಸ್ಥರಾಗಿದ್ದ ಇಸ್ರೇಲಿನ ನಾದವ್ ಲಪಿದ್ ಅದನ್ನು ಪ್ರಚಾರ ಚಿತ್ರವೆಂದು ಬಹಿರಂಗವಾಗಿ ಟೀಕಿಸಿದ್ದರು. 2025ರ ಆಗಸ್ಟ್‌ನಲ್ಲಿ 'ದಿ ಕೇರಳ ಸ್ಟೋರಿ'ಯ ನಿರ್ದೇಶಕರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಘೋಷಣೆಯಾಯಿತು. ಕೇರಳದ 32,000 ಯುವತಿಯರ ಕುರಿತು ಆ ಚಿತ್ರದ ಪ್ರಚಾರದಲ್ಲಿ ಹೇಳಿದ್ದ ಮಾತಿಗೆ ಅಧಿಕೃತ ಅಂಕಿ-ಅಂಶವಿಲ್ಲವೆಂಬ ಸೂಚನೆಯನ್ನು ಸೇರಿಸಲು ನಿರ್ಮಾಪಕರು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದರು. ನ್ಯಾಯಾಲಯದಲ್ಲಿ ನಿಲ್ಲದ ಮಾತು ಪ್ರಶಸ್ತಿಯ ವೇದಿಕೆಯಲ್ಲಿ ನಿಂತಿತು.

ಹೀಗಿರುವಾಗ, ಪ್ರಶಸ್ತಿಯೆಲ್ಲವೂ ಅಧಿಕಾರಸ್ಥರ ಆಟ ಎಂದು ತಳ್ಳಿಹಾಕಿ ಎದ್ದು ಹೋಗೋಣವೇ? ಅದು ಸುಲಭ. ಆದರೆ ಈ ಪುತ್ತೂರಿನ ಮಣ್ಣೇ ಅದಕ್ಕೆ ಒಪ್ಪುವುದಿಲ್ಲ. ಇದೇ ಊರಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು ಚಲನಚಿತ್ರವಾಗಿಸಿದರು. 1975ರ ಸಾಲಿನ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣ ಕಮಲ ದೊರೆಯಿತು. ಚೋಮನ ಪಾತ್ರ ವಹಿಸಿದ ವಾಸುದೇವ ರಾವ್ ಅತ್ಯುತ್ತಮ ನಟರಾದರು. ಉಳಲು ತುಂಡು ಭೂಮಿಯನ್ನು ಬಯಸಿದ, ಅದು ದಕ್ಕದೆ ಹೋದ ಅಸ್ಪೃಶ್ಯನ ಕತೆಯದು. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಅದನ್ನು ವಿರೋಧಿಸಿ ಕಾರಂತರು ತಮ್ಮ ಪದ್ಮಭೂಷಣವನ್ನು ಹಿಂದಿರುಗಿಸಿದ್ದರು. ಯಾವ ಸರಕಾರದ ಗೌರವವನ್ನು ಲೇಖಕ ಮರಳಿಸಿದರೋ, ಅದೇ ಸರಕಾರ ಅವರ ಕತೆಯ ಚಿತ್ರಕ್ಕೆ ಚಿನ್ನದ ಕಮಲ ಕೊಟ್ಟಿತು. ಕೊಟ್ಟವರ ಕೈ ಶುದ್ಧವಿರಲಿಲ್ಲವೆಂದು ಚೋಮನ ದುಃಖ ಸುಳ್ಳಾಯಿತೇ? ಮುಂದೆ, ಇಂದಿನ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಆಸುಪಾಸಿನ ಬೆಟ್ಟಗಳ ಕತೆ ಹೇಳುವ ಅವರ 'ಬೆಟ್ಟದ ಜೀವ'ವೂ ಪಿ. ಶೇಷಾದ್ರಿಯವರ ನಿರ್ದೇಶನದಲ್ಲಿ ಚಿತ್ರವಾಗಿ, 2010ರ ಸಾಲಿನ ಪರಿಸರ ಸಂರಕ್ಷಣೆಯ ರಾಷ್ಟ್ರ ಪ್ರಶಸ್ತಿ ಪಡೆಯಿತು. ನಮ್ಮ ನೆಲದ ಸತ್ಯಕ್ಕೆ ದಿಲ್ಲಿಯಲ್ಲೂ ಬೆಲೆ ಬಂದದ್ದುಂಟು.

ಮದ್ರಸದಲ್ಲಿ ಹದೀಸ್ ಶಾಸ್ತ್ರ ಕಲಿಯುವಾಗ ನಮ್ಮ ಉಸ್ತಾದರು ಎರಡು ಸಂಗತಿಗಳನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಒಂದು ಸನದ್, ಅಂದರೆ ವರದಿ ಮಾಡಿದವರ ಸರಣಿ. ಇನ್ನೊಂದು ಮತ್ನ್, ಅಂದರೆ ವರದಿಯ ಒಳಗಿನ ವಿಷಯ. ಎರಡನ್ನೂ ಪರೀಕ್ಷಿಸದೆ ಯಾವುದನ್ನೂ ಸ್ವೀಕರಿಸಬಾರದು. ಪ್ರಶಸ್ತಿಗೂ ನಾನು ಅದೇ ಅಳತೆಗೋಲನ್ನು ಹಿಡಿಯುತ್ತೇನೆ. ಕೊಟ್ಟವರು ಯಾರು ಎಂದು ಕೇಳಬೇಕು. ಅಷ್ಟಕ್ಕೇ ನಿಲ್ಲದೆ, ಆ ಕತೆ ನಿಜವೇ ಎಂದೂ ಕೇಳಬೇಕು.

ಈಗ ಆ ಅಳತೆಗೋಲನ್ನು ನಮ್ಮ ಕಡೆಗೇ ತಿರುಗಿಸೋಣ. ಕಹಿಯಾದರೂ ಹೇಳಲೇಬೇಕಾದ ಮಾತಿದು.

2012ರ ಮಾರ್ಚ್‌ನಲ್ಲಿ ನಮ್ಮ ಮನೆ ಮನೆಗಳಲ್ಲಿ ಸಂತೋಷವಿತ್ತು. ನಮ್ಮ ತಾಯಿ ಮಾತಾದ ಬ್ಯಾರಿಯಲ್ಲಿ ನಿರ್ಮಾಣಗೊಂಡ ಮೊದಲ ಚಲನಚಿತ್ರ 'ಬ್ಯಾರಿ', ಮರಾಠಿಯ 'ದೇವೂಳ್' ಚಿತ್ರದೊಂದಿಗೆ 2011ರ ಸಾಲಿನ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಹಂಚಿಕೊಂಡಿತ್ತು. ಕೆ.ಪಿ. ಸುವೀರನ್ ನಿರ್ದೇಶಿಸಿದ್ದರು. ಅಭಿನಯಕ್ಕಾಗಿ ಮಲ್ಲಿಕಾ ಅವರಿಗೂ ವಿಶೇಷ ಮನ್ನಣೆ ದೊರೆಯಿತು. ಲಿಪಿಯಿಲ್ಲದ, ಮನೆಮಾತೆಂದು ಕಡೆಗಣಿಸಲ್ಪಟ್ಟ ಭಾಷೆಗೆ ದೇಶದ ಅತ್ಯುನ್ನತ ಮನ್ನಣೆ! ಯಾವ ಪಂಡಿತನೂ ಅದನ್ನು ಊಹಿಸಿರಲಾರ.

ಆದರೆ ಆ ಚಿತ್ರದ ಒಳಗೆ ಏನಿತ್ತು? ಗಂಡ ಮತ್ತು ತಂದೆಯ ಜಗಳದ ನಡುವೆ ಸಿಲುಕಿದ, ತಲಾಖ್‌ಗೆ ಗುರಿಯಾದ ನಾದಿರಾ ಎಂಬ ಹೆಣ್ಣಿನ ಬದುಕಿತ್ತು. ಮರಳಿ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನೊಂದಿಗೆ ಒಂದು ರಾತ್ರಿಯ ಮದುವೆಯಾಗಬೇಕೆಂಬ ಕಟ್ಟಳೆಯ ಕ್ರೌರ್ಯವಿತ್ತು. ನಾದಿರಾಳ ಕತೆಯನ್ನು ಕನ್ನಡಿಗರು ಅದಕ್ಕಿಂತ ಮೂವತ್ತು ವರ್ಷಗಳ ಮೊದಲೇ ಓದಿದ್ದರು. ಅದನ್ನು ಬರೆದವರು ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್. ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ'. ತನ್ನ ಅನುಮತಿಯಿಲ್ಲದೆ ಕಾದಂಬರಿಯನ್ನು ಬಳಸಿಕೊಳ್ಳಲಾಗಿದೆ ಎಂದು ಅವರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2023ರ ಜನವರಿಯಲ್ಲಿ ಅವರು ನಿಧನರಾದರು.

ನಾವು ಪ್ರಶಸ್ತಿಗೆ ಹಿಗ್ಗಿದೆವು. ನಾದಿರಾಳ ಬಗ್ಗೆ ಮಾತನಾಡಿದೆವೇ? ಎಂಬತ್ತರ ದಶಕದಲ್ಲಿ ಸಾರಾ ಅವರು ಬರೆದಾಗ, ಮಾತನಾಡಿದಾಗ ನಮ್ಮವರಲ್ಲಿ ಕೆಲವರು ಒಡ್ಡಿದ ವಿರೋಧವನ್ನು ನೆನೆದು ನಾಚಿದೆವೇ? ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಖ್ ಹೇಳಿ ಹೆಣ್ಣನ್ನು ಹೊರದಬ್ಬುವುದು ಕುರ್‌ಆನ್ ಕಲಿಸಿದ ವಿಧಾನವಲ್ಲ. ಅದು ಕಲಿಸಿದ್ದು ಕಾಲಾವಕಾಶ, ಎರಡೂ ಕುಟುಂಬಗಳ ಮಧ್ಯಸ್ಥಿಕೆ, ಸೌಜನ್ಯದ ಬೀಳ್ಕೊಡುಗೆ. ಮೊದಲೇ ಮಾತಾಡಿಕೊಂಡು ನಡೆಸುವ ಒಂದು ರಾತ್ರಿಯ ಮದುವೆಯನ್ನು ಪ್ರವಾದಿಯವರು(ಸ) ಶಪಿಸಿದ್ದಾರೆ. ಇದನ್ನು ನಮ್ಮ ಮಿಂಬರ್‌ಗಳಿಂದ ಗಟ್ಟಿಯಾಗಿ ಹೇಳಬೇಕಾಗಿತ್ತು. ನಾವು ತಡಮಾಡಿದೆವು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸರಕಾರ ಅದನ್ನು ಜೈಲು ಶಿಕ್ಷೆಯ ಕಾನೂನಾಗಿಸಿತು. ಮನೆಯೊಳಗಿನ ಕೊಳೆಯನ್ನು ನಾವೇ ಗುಡಿಸದಿದ್ದರೆ, ಗುಡಿಸುವ ನೆಪದಲ್ಲಿ ಒಳಬಂದವರು ಮನೆಯ ಕಂಬವನ್ನೇ ಅಲುಗಾಡಿಸುತ್ತಾರೆ.

ಹಾಸನದ ಬಾನು ಮುಷ್ತಾಕ್‌ರ ವಿಷಯವೂ ಹೀಗೆಯೇ. ಅವರ 'ಕರಿ ನಾಗರಗಳು' ಕತೆಯನ್ನು ಗಿರೀಶ್ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಎಂಬ ಚಿತ್ರವಾಗಿಸಿದರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ತಾಯಿಯೊಬ್ಬಳು ಮಸೀದಿಯ ಆಡಳಿತದ ಮುಂದೆ ನ್ಯಾಯ ಬೇಡುವ ಕತೆಯದು. ತಾರಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ಬಂತು. ಅದೇ ಬಾನು ಅವರನ್ನು, ಮಸೀದಿಗೆ ಹೋಗುವ ಹಕ್ಕು ಮಹಿಳೆಯರಿಗಿದೆ ಎಂದುದಕ್ಕಾಗಿ, 2000ದಲ್ಲಿ ನಮ್ಮವರೇ ಬಹಿಷ್ಕರಿಸಿದ್ದರು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಅನುವಾದದ ಮೂಲಕ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಅಭಿನಂದಿಸಿದೆವು. ಸೆಪ್ಟೆಂಬರ್‌ನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದುದನ್ನು ಕೆಲವರು ಧರ್ಮದ ಹೆಸರಲ್ಲಿ ವಿರೋಧಿಸಿ ಸುಪ್ರೀಂ ಕೋರ್ಟಿನವರೆಗೂ ಹೋದರು. ಅರ್ಜಿ ವಜಾ ಆಯಿತು. ಆ ವಿರೋಧವನ್ನು ನಾವು ಅನ್ಯಾಯವೆಂದೆವು. ಸರಿಯೇ. ಆದರೆ 2000ದ ಬಹಿಷ್ಕಾರವನ್ನು ಏನೆಂದು ಕರೆಯೋಣ?

ನ್ಯಾಯದ ಸಾಕ್ಷ್ಯ ನಮ್ಮ ವಿರುದ್ಧವೇ ಇದ್ದರೂ ಅದರಲ್ಲಿ ದೃಢವಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನು ಆದೇಶಿಸಿದ್ದಾನೆ. ಇತರರು ನಮ್ಮ ಬಗ್ಗೆ ಸುಳ್ಳು ಹೇಳಿ ಪ್ರಶಸ್ತಿ ಪಡೆದಾಗ ನಾವು ಆಕ್ರೋಶಗೊಳ್ಳುತ್ತೇವೆ. ನಮ್ಮವರು ನಮ್ಮ ಬಗ್ಗೆ ಸತ್ಯ ಹೇಳಿದಾಗಲೂ ಆಕ್ರೋಶಗೊಳ್ಳುತ್ತೇವೆ. ಹಾಗಾದರೆ ನಮಗೆ ಬೇಕಾಗಿರುವುದು ಸತ್ಯವೋ, ಸ್ತುತಿಯೋ? ಸಾರಾ ಮತ್ತು ಬಾನು ಅವರ ಸತ್ಯಕ್ಕೆ ನಾವು ಮೊದಲೇ ಜಾಗ ಕೊಟ್ಟಿದ್ದರೆ, 'ಕೇರಳ ಸ್ಟೋರಿ'ಯ ಸುಳ್ಳನ್ನು ಸುಳ್ಳೆನ್ನುವ ನಮ್ಮ ಮಾತಿಗೆ ನೆರೆಯವರ ಕಿವಿಯಲ್ಲಿ ಇಂದಿಗಿಂತ ಹೆಚ್ಚು ತೂಕವಿರುತ್ತಿತ್ತು.

ಇನ್ನು ಆ ಯುವಕನ ಪ್ರಶ್ನೆಗೆ ಉತ್ತರ. ಪ್ರಶಸ್ತಿಯಿಂದ ಆದದ್ದೇನು? ಅದು ಬಲ್ಲಾಲ್‌ರ ಮೈಮೇಲಿನ ಏಟನ್ನು ತಡೆಯಲಿಲ್ಲ. ಆದರೆ ಅವರ ಹೆಸರನ್ನು ಹೇಳದೆ ಜಾರಿಕೊಳ್ಳಲು ಅಕಾಡೆಮಿಗೆ ಸಾಧ್ಯವಾಗಲಿಲ್ಲ. ಪ್ರಶಸ್ತಿ ನ್ಯಾಯವನ್ನು ಕೊಡುವುದಿಲ್ಲ. ನ್ಯಾಯ ಕೇಳುವವನ ಧ್ವನಿಯನ್ನು ಸ್ವಲ್ಪ ದೂರಕ್ಕೆ ಮುಟ್ಟಿಸುತ್ತದೆ. ಕೇಳಿದವರು ಏನು ಮಾಡುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು. 'ಬ್ಯಾರಿ'ಯ ವಿಷಯದಲ್ಲಿ ಕೇಳಿದವರು ನಾವು. ನಾವು ಚಪ್ಪಾಳೆ ತಟ್ಟಿ ಮನೆಗೆ ಹೋದೆವು.

ಆದ್ದರಿಂದ ಯುವ ಮಿತ್ರರೇ, ಮುಂದಿನ ಬಾರಿ ಊಹೆಯ ಚೀಟಿ ಬರೆಯುವಾಗ ಅದರ ಹಿಂಬದಿಯಲ್ಲಿ ಇನ್ನೊಂದು ಸಾಲು ಬರೆಯಿರಿ: ಈ ಕತೆ ಯಾರದು, ಅದು ನಿಜವೇ, ನಿಜವಾದರೆ ನನ್ನ ಪಾಲಿನ ಕೆಲಸವೇನು? ಪುತ್ತೂರು, ಸುಳ್ಯ, ಕಡಬದ ನಮ್ಮ ಜಮಾಅತ್‌ಗಳಲ್ಲಿ ಒಂದು ಕಪಾಟಾದರೂ ಇರಲಿ, ಅದರಲ್ಲಿ ಸಾರಾ ಮತ್ತು ಬಾನು ಅವರ ಪುಸ್ತಕಗಳಿರಲಿ. ಒಪ್ಪದಿರುವ ಹಕ್ಕು ನಿಮಗಿದೆ, ಆದರೆ ಓದಿದ ಮೇಲೆ. ತಲಾಖ್‌ನ ವ್ಯಾಜ್ಯ ಜಮಾಅತ್‌ನ ಮುಂದೆ ಬಂದಾಗ ಆ ಹೆಣ್ಣು ಹೊರಗೆ ಕಾಯುವಂತಾಗದೆ, ಒಳಗೆ ಕುಳಿತು ತನ್ನ ಮಾತು ಹೇಳುವಂತಾಗಲಿ. ಆ ದಿನ ನಮ್ಮ ಊರಿನ ಒಬ್ಬ ನಾದಿರಾ ಬದುಕುತ್ತಾಳೆ. ಅದಕ್ಕೆ ಪ್ರಶಸ್ತಿ ಬರುವುದಿಲ್ಲ, ಪತ್ರಿಕೆಯಲ್ಲಿ ಹೆಸರೂ ಬರುವುದಿಲ್ಲ. ಆದರೆ ಅದರ ಪ್ರತಿಫಲ ಯಾರಲ್ಲಿದೆ ಎಂಬುದನ್ನು ನಾವು ಊಹಿಸಬೇಕಾಗಿಲ್ಲ.

ಅಲ್ಲಾಹನು ನಮಗೆ ಸತ್ಯವನ್ನು ಕೇಳುವ ಕಿವಿಯನ್ನೂ ಅದರಂತೆ ನಡೆಯುವ ಧೈರ್ಯವನ್ನೂ ಕರುಣಿಸಲಿ. ವಸ್ಸಲಾಮ್.