ನಾನು ಎಂಥವನು ಎಂದು ಕಾಗದ ಹೇಳಬಲ್ಲದೇ?

(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವ್ಯಕ್ತಿತ್ವ ಪರೀಕ್ಷೆಗಳ ಬಗ್ಗೆ ಮಾತನಾಡಲು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಊಟದ ಹೊತ್ತಾಗುತ್ತಿದೆ, ಹತ್ತರಲ್ಲೇ ಮುಗಿಸಲು ಪ್ರಯತ್ನಿಸುತ್ತೇನೆ.

ಉರ್ದು ಮಾತನಾಡುವವರು ಎದುರಾದರೆ 'ಮಿಜಾಜ್ ಶರೀಫ್?' ಎಂದು ಕುಶಲ ಕೇಳುತ್ತೇವೆ. ಮಿಜಾಜ್ ಎಂಬ ಅರಬ್ಬೀ ಪದದ ಮೂಲ ಅರ್ಥ ಮಿಶ್ರಣ. ಗ್ರೀಕ್ ವೈದ್ಯ ಗ್ಯಾಲೆನ್, ಆಮೇಲೆ ಇಬ್ನ್ ಸೀನಾ ಬೆಳೆಸಿದ ಯುನಾನಿ ವೈದ್ಯದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಪ್ರಮಾಣದಿಂದ ಮನುಷ್ಯನ ಸ್ವಭಾವ ನಿರ್ಧಾರವಾಗುತ್ತದೆ ಎನ್ನುತ್ತಿದ್ದರು. ರಸಗಳ ಈ ಲೆಕ್ಕವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ 'ಮಿಶ್ರಣ' ಎಂಬ ಮಾತನ್ನು ಮಾತ್ರ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಮೊಬೈಲಿನಲ್ಲಿ ಇಪ್ಪತ್ತು ಪ್ರಶ್ನೆಗೆ ಉತ್ತರಿಸಿದರೆ ಸಾಕು, ನೀವು ಇಂಥವರು ಎಂಬ ಫಲಿತಾಂಶ ಬರುತ್ತದೆ. ಓದಿದ ಕೂಡಲೇ 'ಅರೆ, ಇದು ನಾನೇ!' ಎನ್ನಿಸುತ್ತದೆ. ಏಕೆ ಹಾಗನ್ನಿಸುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲೇ ತೋರಿಸಿದರು. ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಬಳಿಕ ಪ್ರತಿಯೊಬ್ಬರಿಗೂ 'ಇದು ನಿನ್ನ ವ್ಯಕ್ತಿತ್ವ' ಎಂದು ಒಂದು ಬರಹ ಹಂಚಿದರು. ಅದು ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದರು. ಸರಾಸರಿ 4.26 ಬಂತು. ನಿಜವೆಂದರೆ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಅದರ ವಾಕ್ಯಗಳನ್ನು ಆರಿಸಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ! ಹೊರಗೆ ಧೈರ್ಯ, ಒಳಗೆ ಅಳುಕು. ಕೆಲವೊಮ್ಮೆ ಮಾತುಗಾರ, ಕೆಲವೊಮ್ಮೆ ಮೌನಿ, ಈ ಧಾಟಿಯಲ್ಲಿ ಹೇಳಿದರೆ ಯಾರಿಗೆ ತಾನೇ ಒಪ್ಪುವುದಿಲ್ಲ?

ಎಲ್ಲ ಪರೀಕ್ಷೆಗಳೂ ಜ್ಯೋತಿಷ್ಯವೇ ಎಂದು ನಾನು ಹೇಳುತ್ತಿಲ್ಲ. ಮೈಯರ್ಸ್ ಬ್ರಿಗ್ಸ್ ಎಂಬ ಪ್ರಸಿದ್ಧ ಪರೀಕ್ಷೆಯನ್ನು ತೆಗೆದುಕೊಳ್ಳಿ. ಕಾರ್ಲ್ ಯೂಂಗ್ ಅವರ ವಿಚಾರಗಳನ್ನು ಆಧರಿಸಿ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ರೂಪಿಸಿದ ಇದು ಮನುಷ್ಯರನ್ನು 16 ಬಗೆಯಾಗಿ ವಿಂಗಡಿಸುತ್ತದೆ. ಬಿ.ಎಡ್. ಓದಿದವರಿಗೆ ಅಂತರ್ಮುಖಿ, ಬಹಿರ್ಮುಖಿ ಎಂಬ ಪದಗಳು ಗೊತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೇವೆ. ತೊಡಕು ಇರುವುದು ಗೆರೆ ಎಳೆಯುವುದರಲ್ಲಿ. ಹೆಚ್ಚಿನ ಜನ ಈ ತುದಿಯಲ್ಲೂ ಇರುವುದಿಲ್ಲ, ಆ ತುದಿಯಲ್ಲೂ ಇರುವುದಿಲ್ಲ, ನಡುವೆ ಇರುತ್ತಾರೆ. ನಡುವೆ ಗೆರೆ ಎಳೆದರೆ ಅದರ ಈಚೆಗೆ ಒಂದು ಹೆಜ್ಜೆ ನಿಂತವನು ಒಂದು ಬಗೆ, ಆಚೆಗೆ ಒಂದು ಹೆಜ್ಜೆ ನಿಂತವನು ಇನ್ನೊಂದು ಬಗೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಅನೇಕರ ಬಗೆಯೇ ಬದಲಾಗುವುದು ಇದರಿಂದ. ಮಿಶ್ರಣವನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸಿದಂತೆ.

ಇನ್ನೊಂದು ವಿಷಯ ನನ್ನ ಕೆಲಸಕ್ಕೆ ಸಂಬಂಧಿಸಿದ್ದು. ನಾನು ಒಂದೇ ತರಗತಿಗೆ ಉರ್ದುವನ್ನೂ ಕನ್ನಡವನ್ನೂ ಕಲಿಸುತ್ತೇನೆ. ಬೆಳಿಗ್ಗೆ ಉರ್ದು ಪಿರಿಯಡ್‌ನಲ್ಲಿ ಪಾಠದ ನಡುವೆ ಎದ್ದು ವಾದಿಸುವ ಹುಡುಗಿ ಮಧ್ಯಾಹ್ನದ ಕನ್ನಡ ಪಿರಿಯಡ್‌ನಲ್ಲಿ ತಲೆ ಎತ್ತುವುದಿಲ್ಲ. ವ್ಯಾಕರಣ ತಪ್ಪಾದೀತು, ಯಾರಾದರೂ ನಕ್ಕಾರು ಎಂಬ ಭಯ. ಹತ್ತನೇ ತರಗತಿಯಲ್ಲಿದ್ದಾಗ ಆಕೆ ಒಂದು ಮಾರ್ಗದರ್ಶನ ಶಿಬಿರದಲ್ಲಿ ಇಂಥ ಪರೀಕ್ಷೆ ಬರೆದಳು. 'ಗುಂಪಿನ ಎದುರು ಮಾತನಾಡಲು ನಿಮಗೆ ಇಷ್ಟವೇ?' ಎಂಬ ಪ್ರಶ್ನೆ ಕನ್ನಡದಲ್ಲಿತ್ತು. 'ಇಲ್ಲ' ಎಂದು ಗುರುತು ಹಾಕಿದಳು. ಯಾವ ಭಾಷೆಯಲ್ಲಿ ಎಂದು ಕಾಗದ ಕೇಳಲಿಲ್ಲ. ಅಂತರ್ಮುಖಿ, ಜನರೊಂದಿಗೆ ಬೆರೆಯುವ ಉದ್ಯೋಗ ಬೇಡ ಎಂಬ ಸಲಹೆ ಬಂತು. ಟೀಚರ್ ಆಗಬೇಕು ಎನ್ನುತ್ತಿದ್ದವಳು ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಪಿಯುಸಿಗೆ ವಾಣಿಜ್ಯ ಸೇರಿದಳು. ವಾಣಿಜ್ಯ ಕೆಟ್ಟದ್ದಲ್ಲ, ಆದರೆ ಅದು ಅವಳ ಆಯ್ಕೆಯಾಗಿತ್ತೇ?

ಹಾಗಾದರೆ ನಮ್ಮನ್ನು ನಾವು ಅರಿಯುವುದು ಹೇಗೆ? ಸಂಶೋಧಕರು ಈಗ ಹೆಚ್ಚು ನಂಬುವುದು ಐದು ಗುಣಗಳ ಅಳತೆಯನ್ನು: ಹೊಸದಕ್ಕೆ ತೆರೆದ ಮನಸ್ಸು, ಕೆಲಸದಲ್ಲಿ ಶಿಸ್ತು, ಬಹಿರ್ಮುಖತೆ, ಸೌಹಾರ್ದ, ಆತಂಕದ ಸ್ವಭಾವ. ಇಲ್ಲಿ ಬಗೆಗಳಿಲ್ಲ, ಹೆಚ್ಚು ಕಡಿಮೆ ಎಂಬ ಪ್ರಮಾಣವಷ್ಟೆ. ಶಿಸ್ತಿಗೂ ಪರೀಕ್ಷೆಯ ಅಂಕಗಳಿಗೂ ಸಂಬಂಧವಿದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. (ಹಿಂದಿನ ಬೆಂಚಿನವರು ನಗಬೇಡಿ.) ಆದರೆ ಇಲ್ಲಿಯೂ ಉತ್ತರ ಬರೆಯುವವರು ನಾವೇ. ಮನಶ್ಶಾಸ್ತ್ರಜ್ಞೆ ಸಿಮಿನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಮ್ಮೊಳಗಿನ ಆತಂಕವನ್ನು ನಾವೇ ಚೆನ್ನಾಗಿ ಬಲ್ಲೆವು. ಆದರೆ ನಮ್ಮ ಬುದ್ಧಿಶಕ್ತಿಯನ್ನು ಗೆಳೆಯರು ನಮಗಿಂತ ಚೆನ್ನಾಗಿ ಅಳೆಯುತ್ತಾರೆ. ಆದ್ದರಿಂದ ಪರೀಕ್ಷೆ ಬರೆದವರು ಆ ಕಾಗದವನ್ನು ಒಬ್ಬ ಗೆಳತಿಗೋ, ಅಕ್ಕನಿಗೋ ತೋರಿಸಿ, 'ಇದರಲ್ಲಿ ಯಾವುದು ನಾನಲ್ಲ?' ಎಂದು ಕೇಳಿ.

ಸಂಘದ ಹಿರಿಯರಲ್ಲಿ ಒಂದು ಕೋರಿಕೆ. ಮುಂದೆ ಇಂಥ ಶಿಬಿರ ನಡೆಸುವಾಗ ಪ್ರಶ್ನೆಗಳನ್ನು ಉರ್ದು, ಕನ್ನಡ ಎರಡರಲ್ಲೂ ಕೊಡಿಸಿ. ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕದೆ ಮಗುವಿನ ಕೈಗೆ ಕೊಡಿ. ಕೊಡುವ ಮುನ್ನ ಆ ಮಗುವಿಗೆ ಪಾಠ ಹೇಳುವ ಶಿಕ್ಷಕರನ್ನೂ ಒಂದು ಮಾತು ಕೇಳಿ.