ತೂಕ ಇಳಿಸಲು ಆಹಾರದ ಯೋಜನೆ: ಆರಂಭಿಸುವವರಿಗೆ



ಹೈದರಾಬಾದಿನ ಬಾಲಾನಗರವು ಕಾರ್ಖಾನೆಗಳ ಪ್ರದೇಶ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯನ್ನು ಹೊಂದಿರುವ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ತನ್ನ ಏವಿಯಾನಿಕ್ಸ್ ವಿಭಾಗವನ್ನು 1965ರಲ್ಲಿ ಇಲ್ಲಿ ಆರಂಭಿಸಿತು. ಸುತ್ತಮುತ್ತ ಸಣ್ಣ ಯಂತ್ರೋದ್ಯಮಗಳು ಅನೇಕ ಬೆಳೆದವು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಆ ಕಡೆಯಿಂದ ದುಡಿಮೆಗಾಗಿ ಈ ನಗರಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಗಳು ಇಂದಿಗೂ ಉಳಿದಿವೆ. ಉಳಿಯದೇ ಹೋದದ್ದು ಹೊಲದ ದುಡಿಮೆ. ನೇಗಿಲು ಹಿಡಿದವರಿಗೆ ತಕ್ಕುದಾಗಿದ್ದ ಪ್ರಮಾಣದ ಊಟವೇ ಯಂತ್ರದ ಮುಂದೆ ನಿಂತವರ, ಮೇಜಿನ ಮುಂದೆ ಕುಳಿತವರ ತಟ್ಟೆಗೂ ಬೀಳುತ್ತಿದೆ. ಅದರ ಜೊತೆಗೆ ನಗರದ ಬಿರಿಯಾನಿ, ಮಿರ್ಚಿ ಭಜಿ, ಸಿಹಿಯಾದ ಇರಾನಿ ಚಹಾಗಳು ಸೇರಿಕೊಂಡಿವೆ. ಎಷ್ಟೋ ಮನೆಗಳಲ್ಲಿ ತೂಕ ಹೆಚ್ಚಲು ಇಷ್ಟೇ ಸಾಕಾಗಿದೆ.

ಇದು ಒಂದು ಬಡಾವಣೆಯ ಸಮಸ್ಯೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಮಹಿಳೆಯರಲ್ಲಿ ಶೇಕಡಾ 13ರಷ್ಟು, ಪುರುಷರಲ್ಲಿ ಶೇಕಡಾ 9ರಷ್ಟು ಮಂದಿ ಅಧಿಕ ತೂಕದವರಾಗಿದ್ದರು. 2019-21ರ ಸಮೀಕ್ಷೆಯಲ್ಲಿ ಈ ಪ್ರಮಾಣವು ಕ್ರಮವಾಗಿ ಶೇಕಡಾ 24 ಮತ್ತು 23ಕ್ಕೆ ಏರಿತು. ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಹೃದ್ರೋಗ, ಮಂಡಿನೋವುಗಳು ಬೊಜ್ಜಿನ ಬೆನ್ನಿಗೆ ಬರುವ ತೊಂದರೆಗಳು. ದುಡಿಯುವ ಕೈ ಒಂದೇ ಇರುವ ಮನೆಯಲ್ಲಿ ಇವು ಕೇವಲ ರೋಗಿಯೊಬ್ಬನ ಕಷ್ಟವಾಗಿ ಉಳಿಯುವುದಿಲ್ಲ.

ಈ ವಿಷಯದಲ್ಲಿ ಮಾರ್ಗದರ್ಶನ ನೀಡುವ ರಾಷ್ಟ್ರೀಯ ಪೋಷಣ ಸಂಸ್ಥೆಯು ಇದೇ ನಗರದ ತಾರ್ನಾಕದಲ್ಲಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರಿಂದ ಬೆರಿಬೆರಿ ರೋಗದ ಸಂಶೋಧನೆಗೆಂದು ಆರಂಭವಾದ ಘಟಕವು ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದಿತು. ಜೋಳವನ್ನೇ ಮುಖ್ಯ ಆಹಾರವಾಗಿ ಉಂಡು ಬದುಕುತ್ತಿದ್ದ ದಖ್ಖನಿನ ಬಡಜನರಲ್ಲಿ ಕಾಣುತ್ತಿದ್ದ ಪೆಲ್ಲಾಗ್ರ ರೋಗವನ್ನು ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಇಲ್ಲಿ ಅಭ್ಯಸಿಸಿದರು. ಹೀಗೆ ಕೊರತೆಯ ರೋಗಗಳಿಂದ ತನ್ನ ಕಾರ್ಯವನ್ನು ತೊಡಗಿದ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ ಬೊಜ್ಜಿನ ನಿವಾರಣೆಯೂ ಮುಖ್ಯ ವಿಷಯವಾಗಿದೆ. ಎರಡಕ್ಕೂ ಒಂದೇ ಪಾಠ ಅನ್ವಯಿಸುತ್ತದೆ: ತಟ್ಟೆಯಲ್ಲಿ ಯಾವುದೋ ಒಂದೇ ಪದಾರ್ಥ ಅತಿಯಾದಾಗ ದೇಹಕ್ಕೆ ಬೇಕಾದ ಮತ್ತೊಂದು ಕಡಿಮೆಯಾಗುತ್ತದೆ. ಆದುದರಿಂದ ತೂಕ ಇಳಿಸುವುದೆಂದರೆ ಊಟ ಬಿಡುವುದಲ್ಲ. ತಟ್ಟೆಯ ಪಾಲುಗಳನ್ನು ಬದಲಾಯಿಸುವುದು.

ಮೊದಲು ತಿಳಿಯಬೇಕಾದದ್ದು ದೇಹದ ಸ್ಥಿತಿ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. ಭಾರತೀಯರಲ್ಲಿ ಈ ಸೂಚ್ಯಂಕವು 23ನ್ನು ತಲುಪಿದರೆ ಅಧಿಕ ತೂಕವೆಂದೂ, 25ನ್ನು ತಲುಪಿದರೆ ಬೊಜ್ಜು ಎಂದೂ ವೈದ್ಯರು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆಯೂ ಅಷ್ಟೇ ಮುಖ್ಯ. ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರ ವಹಿಸಬೇಕು. ಹೊಟ್ಟೆಯ ಸುತ್ತಲಿನ ಕೊಬ್ಬು ಹೆಚ್ಚು ಅಪಾಯಕಾರಿಯಾದುದು.

ಉದಾಹರಣೆಗೆ, ನಲವತ್ತು ವರ್ಷ ವಯಸ್ಸಿನ, 165 ಸೆಂಟಿಮೀಟರ್ ಎತ್ತರದ, 82 ಕಿಲೋ ತೂಕದ, ಕುಳಿತು ಕೆಲಸ ಮಾಡುವ ಪುರುಷ ನೌಕರರೊಬ್ಬರನ್ನು ಊಹಿಸಿಕೊಳ್ಳಬಹುದು. ಅವರ ಸೂಚ್ಯಂಕ 30. ಅದೇ ತೂಕದಲ್ಲಿ ಉಳಿಯಲು ಅವರಿಗೆ ದಿನಕ್ಕೆ ಸುಮಾರು 2,250 ಕ್ಯಾಲೊರಿ ಶಕ್ತಿ ಬೇಕಾಗುತ್ತದೆ. ಇದರಲ್ಲಿ 500ನ್ನು ಕಳೆದು 1,750 ಕ್ಯಾಲೊರಿಗೆ ಊಟವನ್ನು ಯೋಜಿಸಿದರೆ ವಾರಕ್ಕೆ 3,500 ಕ್ಯಾಲೊರಿ ಉಳಿಯುತ್ತದೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ, ಆರಂಭದಲ್ಲಿ ವಾರಕ್ಕೆ ಅರ್ಧ ಕಿಲೋಗೆ ಸಮೀಪದಷ್ಟು ತೂಕ ಇಳಿಯಬಹುದು. ಮಾರ್ಗಸೂಚಿಯು ಸುರಕ್ಷಿತವೆಂದು ಹೇಳುವ ವೇಗವೂ ಇದೇ ಅರ್ಧ ಕಿಲೋ. ಅವರ ಮೊದಲ ಗುರಿ 62 ಕಿಲೋ ಆಗಿರಬೇಕಾಗಿಲ್ಲ. ಇರುವ ತೂಕದ ಶೇಕಡಾ 5ರಿಂದ 10, ಎಂದರೆ 4ರಿಂದ 8 ಕಿಲೋ ಇಳಿದರೂ ರಕ್ತದ ಸಕ್ಕರೆ, ರಕ್ತದೊತ್ತಡಗಳಲ್ಲಿ ಸುಧಾರಣೆ ಕಾಣತೊಡಗುತ್ತದೆ.

ಶಕ್ತಿಯನ್ನು ಕೊಡುವ ಮುಖ್ಯ ಪೋಷಕಾಂಶಗಳು ಮೂರು. ಶರ್ಕರಪಿಷ್ಟ ಮತ್ತು ಸಸಾರಜನಕ, ಎಂದರೆ ಪ್ರೋಟೀನು, ಗ್ರಾಮಿಗೆ ತಲಾ 4 ಕ್ಯಾಲೊರಿ ನೀಡುತ್ತವೆ. ಕೊಬ್ಬು 9 ಕ್ಯಾಲೊರಿ ನೀಡುತ್ತದೆ. ಇವುಗಳಲ್ಲಿ ಮೊದಲು ನಿಗದಿ ಮಾಡಬೇಕಾದದ್ದು ಸಸಾರಜನಕವನ್ನು. ಊಟ ಕಡಿಮೆಯಾದಾಗ ದೇಹವು ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ. ಸಾಕಷ್ಟು ಸಸಾರಜನಕ ಮತ್ತು ವ್ಯಾಯಾಮ ಇದ್ದರೆ ಈ ನಷ್ಟ ಕಡಿಮೆಯಾಗುತ್ತದೆ. ಹಸಿವೂ ಬೇಗ ಕಾಡುವುದಿಲ್ಲ. ಆರೋಗ್ಯವಂತ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಸಸಾರಜನಕವನ್ನು 2020ರ ಶಿಫಾರಸು ಸೂಚಿಸುತ್ತದೆ. ತೂಕ ಇಳಿಸುವ ಅವಧಿಯಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಒಳ್ಳೆಯದು. ಈ ನೌಕರರ ಎತ್ತರಕ್ಕೆ ತಕ್ಕ ತೂಕವನ್ನು ಆಧಾರವಾಗಿಟ್ಟುಕೊಂಡು 65 ಗ್ರಾಂ ಎಂದು ಇಟ್ಟುಕೊಳ್ಳಬಹುದು. ಇದರಿಂದ 260 ಕ್ಯಾಲೊರಿ ದೊರೆಯುತ್ತದೆ. ಕೊಬ್ಬು 50 ಗ್ರಾಂ ಎಂದರೆ 450 ಕ್ಯಾಲೊರಿ. ಉಳಿದ 1,040 ಕ್ಯಾಲೊರಿ 260 ಗ್ರಾಂ ಶರ್ಕರಪಿಷ್ಟದಿಂದ ಬರಬೇಕು.

ಈ ಲೆಕ್ಕವನ್ನು ತಟ್ಟೆಗೆ ಇಳಿಸುವುದು ಕಷ್ಟವಲ್ಲ. ದಿನವೊಂದಕ್ಕೆ ಬೇಯಿಸುವ ಮುನ್ನ ತೂಗಿದ 200 ಗ್ರಾಂ ಧಾನ್ಯ, 90 ಗ್ರಾಂ ಬೇಳೆಕಾಳು, 400 ಗ್ರಾಂ ಸೊಪ್ಪು ತರಕಾರಿ, 150 ಗ್ರಾಂ ಹಣ್ಣು, ಚಹಾ ಮತ್ತು ಮೊಸರು ಸೇರಿ 400 ಮಿಲಿಲೀಟರ್ ಕೆನೆ ಕಡಿಮೆ ಮಾಡಿದ ಹಾಲು, 25 ಗ್ರಾಂ ಶೇಂಗಾ, 20 ಗ್ರಾಂ ಎಣ್ಣೆ. ಇವುಗಳಿಂದ ಸುಮಾರು 1,750 ಕ್ಯಾಲೊರಿ, 65 ಗ್ರಾಂ ಸಸಾರಜನಕ ಸಿಗುತ್ತದೆ. ಬೆಳಿಗ್ಗೆ 50 ಗ್ರಾಂ ರವೆಯಿಂದ, ತರಕಾರಿ ಹೆಚ್ಚಾಗಿ ಹಾಕಿ ಮಾಡಿದ ಉಪ್ಪಿಟ್ಟು. ಮಧ್ಯಾಹ್ನ 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ, ಒಂದು ಸಣ್ಣ ಬಟ್ಟಲು ಅನ್ನ, 30 ಗ್ರಾಂ ತೊಗರಿ ಬೇಳೆ ಹಾಕಿದ ಪುಂಡಿ ಪಲ್ಯ, ಸೌತೆಕಾಯಿ, ಮೊಸರು. ಸಂಜೆ ಭಜಿಯ ಬದಲು 25 ಗ್ರಾಂ ಹುರಿಗಡಲೆ ಮತ್ತು ಒಂದು ಪೇರಲ ಹಣ್ಣು. ರಾತ್ರಿ ಒಂದು ರೊಟ್ಟಿ, 35 ಗ್ರಾಂ ಮೊಳಕೆ ಕಟ್ಟಿದ ಹೆಸರುಕಾಳಿನ ಉಸಳಿ, ತರಕಾರಿ ಪಲ್ಯ, ಮಜ್ಜಿಗೆ. ಶೇಂಗಾ ಹಿಂಡಿಯ ರೂಪದಲ್ಲಿ ಊಟದ ಜೊತೆಗೇ ಸೇರುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಒಂದು ಹೊತ್ತಿನ ಕಾಳಿಗೆ ಬದಲಾಗಿ ಅವುಗಳನ್ನು ಬಳಸಬಹುದು.

ಜೋಳ, ಸಜ್ಜೆ, ರಾಗಿಗಳಲ್ಲಿ ನಾರು ಹೆಚ್ಚಾಗಿರುವುದು ನಿಜ. ಆದರೆ ನೂರು ಗ್ರಾಂ ಜೋಳದಲ್ಲಿಯೂ ನೂರು ಗ್ರಾಂ ಅಕ್ಕಿಯಲ್ಲಿಯೂ ಇರುವ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಅನ್ನವನ್ನು ಬಿಟ್ಟು ನಾಲ್ಕು ರೊಟ್ಟಿ ತಿಂದವರ ತೂಕ ಇಳಿಯದಿರುವುದಕ್ಕೆ ಇದೇ ಕಾರಣ. ಒಟ್ಟು ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡಾ 45ನ್ನು ಮೀರಬಾರದೆಂದು ಮಾರ್ಗಸೂಚಿ ಹೇಳುತ್ತದೆ. ಮೇಲಿನ ಯೋಜನೆಯಲ್ಲಿ ಅದು ಶೇಕಡಾ 40ರ ಆಸುಪಾಸಿನಲ್ಲಿದೆ. ಕಡಿಮೆಯಾದ ಧಾನ್ಯದ ಜಾಗವನ್ನು ಬೇಳೆಕಾಳು ಮತ್ತು ತರಕಾರಿಗಳು ತುಂಬಬೇಕು.

ಎಣ್ಣೆಯ ಲೆಕ್ಕವನ್ನು ಚಮಚದಲ್ಲಿ ಇಡುವುದಕ್ಕಿಂತ ತಿಂಗಳಿನಲ್ಲಿ ಇಡುವುದು ಸುಲಭ. ನಾಲ್ವರು ವಯಸ್ಕರ ಮನೆಯಲ್ಲಿ ತಿಂಗಳಿಗೆ ಐದು ಲೀಟರಿನ ಡಬ್ಬಿ ಖಾಲಿಯಾಗುತ್ತಿದ್ದರೆ ತಲೆಗೆ ದಿನಕ್ಕೆ 38 ಗ್ರಾಂ ಎಣ್ಣೆ ಸೇರುತ್ತಿದೆ ಎಂದರ್ಥ. ತಲಾ 20 ಗ್ರಾಮಿಗೆ ಎರಡೂವರೆ ಲೀಟರಿಗಿಂತ ತುಸು ಹೆಚ್ಚು ಸಾಕು. ಸಕ್ಕರೆಯೂ ಹಾಗೆಯೇ. ಎರಡು ಚಮಚ ಸಕ್ಕರೆಯ ಐದು ಲೋಟ ಚಹಾದಲ್ಲಿ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ ಇರುತ್ತದೆ. ಇದು ದಿನದ ಮಿತಿಯಾದ 25 ಗ್ರಾಮಿಗೆ ಎರಡು ಪಟ್ಟು. ಮೇಲಿನ ಲೆಕ್ಕದಲ್ಲಿ ಸಕ್ಕರೆಯನ್ನು ಸೇರಿಸಿಲ್ಲವಾದ್ದರಿಂದ ಚಹಾವನ್ನು ಸಕ್ಕರೆಯಿಲ್ಲದೆ ಕುಡಿಯುವುದು ಮೇಲು.

ಪಾಳಿಯಲ್ಲಿ ದುಡಿಯುವವರು ಪಾಳಿ ಬದಲಾದಂತೆ ಊಟದ ಹೊತ್ತನ್ನು ಬದಲಾಯಿಸಿಕೊಳ್ಳಬೇಕೇ ಹೊರತು ಊಟದ ಸಂಖ್ಯೆಯನ್ನು ಹೆಚ್ಚಿಸಬಾರದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಿನ ನಡಿಗೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಅಗತ್ಯ. ತೂಕವನ್ನು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ನೋಡಿಕೊಳ್ಳುವುದು ಸಾಕು. ಮೊದಲ ವಾರದಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲು ಹೆಚ್ಚು. ಮುಂದೆ ವೇಗ ತಗ್ಗುವುದು ಸಹಜ. ಅದನ್ನು ಸೋಲೆಂದು ಭಾವಿಸಿ ಉಪವಾಸಕ್ಕೆ ತೊಡಗಬಾರದು. ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆ ಆಹಾರ ಸಲ್ಲದೆಂದು ಮಾರ್ಗಸೂಚಿ ಎಚ್ಚರಿಸುತ್ತದೆ. ಒಂದೇ ಪದಾರ್ಥವನ್ನು ತಿನ್ನುವ ಪಥ್ಯ, ದುಬಾರಿ ಪ್ರೋಟೀನು ಪುಡಿ, ವೈದ್ಯರ ಸಲಹೆಯಿಲ್ಲದ ಮಾತ್ರೆಗಳಿಂದಲೂ ದೂರವಿರಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಅವರೂ ಮೂತ್ರಪಿಂಡದ ರೋಗಿಗಳೂ ಮೊದಲು ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ತಾವಾಗಿಯೇ ಇಂಥ ಯೋಜನೆಯನ್ನು ಕೈಗೊಳ್ಳಬಾರದು.

ಕೊನೆಯದಾಗಿ, ಒಂದೇ ಒಲೆಯ ಮೇಲೆ ಎರಡು ಅಡಿಗೆ ಹೆಚ್ಚು ದಿನ ನಡೆಯುವುದಿಲ್ಲ. ತೂಕ ಇಳಿಸಬೇಕಾದವರಿಗೆ ಬೇರೆ ಪಾತ್ರೆ ಇಡುವುದಕ್ಕಿಂತ ಇಡೀ ಮನೆಯ ಅಡಿಗೆಯಲ್ಲಿ ಎಣ್ಣೆ ತಗ್ಗಿ, ಕಾಳು ಮತ್ತು ಸೊಪ್ಪು ಹೆಚ್ಚುವುದು ಎಲ್ಲರಿಗೂ ಹಿತ. ಬೆಳೆಯುವ ಮಕ್ಕಳು ಧಾನ್ಯವನ್ನು ಹಸಿವಿಗೆ ತಕ್ಕಷ್ಟು ಬಡಿಸಿಕೊಳ್ಳಲಿ. ಕುಟುಂಬದಲ್ಲಿ ಎಲ್ಲರ ನಂತರ ಉಣ್ಣುವ ಗೃಹಿಣಿಗೆ ಉಳಿದ ಅನ್ನದ ಬದಲು ಬೇಳೆಯೂ ಪಲ್ಯವೂ ಸಾಕಷ್ಟು ಉಳಿಯುವಂತೆ ನೋಡಿಕೊಳ್ಳುವುದು ಇದೇ ಯೋಜನೆಯ ಭಾಗ. ಊರಿನಿಂದ ತಂದ ರೊಟ್ಟಿ, ಪಲ್ಯ, ಉಸಳಿಗಳನ್ನು ಯಾರೂ ತೊರೆಯಬೇಕಾಗಿಲ್ಲ. ರೊಟ್ಟಿ ಒಂದು ಕಡಿಮೆಯಾಗಿ ಉಸಳಿ ಒಂದು ಬಟ್ಟಲು ಹೆಚ್ಚಾದ ದಿನವೇ ಕೆಲಸ ಆರಂಭವಾದಂತೆ.