ಮಗಳು ಆಟ ಬಿಟ್ಟದ್ದು ಯಾವಾಗ?

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿ)



ಉಳಿತಾಯ, ಸಾಲದ ಕಂತು ಎಲ್ಲಾ ಬರೆದು ಮುಗಿಯಿತಲ್ಲ, ಈಗ ಸ್ವಲ್ಪ ನಮ್ಮ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಮಾತಾಡೋಣ.

ಮನೆ ಭೇಟಿಗೆ ಹೋದಾಗ ನಾವು ಕೇಳುವ ಮಾತು ಒಂದೇ. "ಸಿಸ್ಟರ್, ಪಿಯುಸಿ ಮುಗಿಯುವಷ್ಟರಲ್ಲಿ ಇವಳು ದಪ್ಪ ಆಗಿಬಿಟ್ಟಳು, ಊಟ ಕಮ್ಮಿ ಮಾಡಲು ಹೇಳಿ." ಊಟದ ವಿಷಯ ಆಮೇಲೆ. ಅವಳು ಆಟ ಬಿಟ್ಟದ್ದು ಯಾವಾಗ?

ಅಮೆರಿಕದಲ್ಲಿ ಸುಮಾರು 2,300 ಹುಡುಗಿಯರನ್ನು 9-10ನೇ ವಯಸ್ಸಿನಿಂದ 18-19ರ ತನಕ ಗಮನಿಸಿದ್ದಾರೆ. ತೂಕ ನೋಡಿದರು, ಕೊಬ್ಬು ತಿಳಿಯಲು ಚರ್ಮದ ಮಡಿಕೆ ಹಿಡಿದು ಅಳೆದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಚಟುವಟಿಕೆ ಉಳಿಸಿಕೊಂಡವರಿಗೂ ಬಿಟ್ಟು ಕೂತವರಿಗೂ ಕೊನೆಗೆ ಬಿ.ಎಂ.ಐ.ಯಲ್ಲಿ 2ರಿಂದ 3 ಅಂಕ ವ್ಯತ್ಯಾಸ. ಐದಡಿ ಎತ್ತರದ ಹುಡುಗಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 5ರಿಂದ 7 ಕಿಲೋ! ತಿಂದ ಆಹಾರದ ಲೆಕ್ಕ ಮಾತ್ರ ಅಷ್ಟೇನೂ ಏರಿರಲಿಲ್ಲ. ದಪ್ಪಗಿರುವ ಹುಡುಗಿ ನಾಚಿಕೆಯಿಂದ ಆಟ ಬಿಡುವುದೂ ಉಂಟು, ಅದನ್ನೂ ಮರೆಯಬಾರದು.

ನಮ್ಮಲ್ಲಿ ಆಟ ನಿಲ್ಲುವುದು ಹೇಗೆ ಅಂತ ನಿಮಗೆ ಗೊತ್ತು. ಮೈನೆರೆದ ವರ್ಷವೇ ಲಗೋರಿ, ಕುಂಟೆಬಿಲ್ಲೆ ಬಂದ್. "ದೊಡ್ಡವಳಾದಳು, ಓಡಾಡಬಾರದು." ಮೈದಾನ ಅಣ್ಣ-ತಮ್ಮಂದಿರಿಗೆ. "ಮನೆಕೆಲಸ ಮಾಡ್ತಾಳಲ್ಲ" ಅನ್ನುತ್ತೀರಿ. ಬಾವಿ ನೀರು ಸೇದಿ, ಒರಳಲ್ಲಿ ರುಬ್ಬಿದ ಕಾಲ ಹೋಯಿತು, ಆ ಕಷ್ಟ ಮತ್ತೆ ಬೇಡವೂ ಬೇಡ. ಆದರೆ ನಲ್ಲಿ, ಮಿಕ್ಸಿ ಬಂದ ಮೇಲೆ ಮೈ ಬೆವರುವುದು ಯಾವಾಗ? 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂಳೆ ಗಟ್ಟಿಯಾಗುವ ವಯಸ್ಸೂ ಅದೇ.

ಇನ್ನು ಊಟ. ಗಂಡು ನೋಡಲು ಬರುತ್ತಾರೆಂದು ಮಗಳ ರಾತ್ರಿ ಊಟ ನಿಲ್ಲಿಸುವ ತಾಯಂದಿರಿದ್ದಾರೆ. ದಯವಿಟ್ಟು ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಮೈ ದಪ್ಪ ಕಂಡರೂ ರಕ್ತ ಕಡಿಮೆ ಇರಬಹುದು. ಸೊಪ್ಪು, ಕಾಳು, ಮೊಟ್ಟೆ ತಪ್ಪಿಸಬೇಡಿ. ಬೇಕರಿ ತಿಂಡಿ, ಕೂಲ್‌ಡ್ರಿಂಕ್ಸ್ ಕಡಿಮೆ ಮಾಡಿದರೆ ಸಾಕು.

ಸಂಜೆ ಐದರಿಂದ ಆರರವರೆಗೆ ಶಾಲೆಯ ಮೈದಾನ ಹುಡುಗಿಯರಿಗೆ ಬಿಡಿ ಅಂತ ಎಸ್.ಡಿ.ಎಂ.ಸಿ.ಗೆ ಸಂಘದಿಂದಲೇ ಅರ್ಜಿ ಕೊಡಬಹುದು. ಜೊತೆಗಿರಲು ದಿನಕ್ಕೆ ಇಬ್ಬರು ಸದಸ್ಯೆಯರು, ಸರದಿ ಪ್ರಕಾರ. ಥ್ರೋಬಾಲ್ ಚೆಂಡು, ನೆಟ್ಟಿನ ಖರ್ಚನ್ನು ಇವತ್ತಿನ ನಿರ್ಣಯ ಪುಸ್ತಕದಲ್ಲೇ ಬರೆಯೋಣವೇ?